ಮಾಗಡಿ ರಸ್ತೆಯ ಏರು, ರಾಮನಗರದ ಇಳಿಜಾರು

ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ತೆಂಕಣಕ್ಕೆ ಹರಿದು ತಿಪ್ಪಗೊಂಡನಹಳ್ಳಿ ದಾಟುತ್ತದೆ, ಮಂಚನಬೆಲೆಯಲ್ಲಿ ತಡೆದು ನಿಲ್ಲುತ್ತದೆ, ರಾಮನಗರದ ನಡುವೆ ಹಾದು ಕನಕಪುರದ ಮಗ್ಗುಲಲ್ಲಿ ಸಾಗಿ ಕೊನೆಗೆ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ನಂದಿಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ. ಮಾಗಡಿ ಸುಮಾರು 925 ಮೀಟರ್, ರಾಮನಗರ ಸುಮಾರು 747, ಚನ್ನಪಟ್ಟಣ 739, ಕನಕಪುರ 640ರ ಆಸುಪಾಸು. ಬಸ್ಸಿನಲ್ಲಿ ಕೂತು ಹೋಗುವವರಿಗೆ ಈ ಅಂಕಿಗಳಿಂದ ಏನೂ ಆಗಬೇಕಾಗಿಲ್ಲ. ಸೈಕಲ್ ತುಳಿಯುವವರಿಗೆ ಅಷ್ಟಿಷ್ಟು ತಿಳಿಯುತ್ತದೆ. ಆದರೆ ಬೆಳಗಿನ ಆರು ಗಂಟೆಗೆ ಬೂಟಿನ ದಾರ ಬಿಗಿದು ರಸ್ತೆಗೆ ಇಳಿಯುವವರ ಮಂಡಿಗೆ, ಮೀನಖಂಡಕ್ಕೆ, ಉಸಿರಿಗೆ ಒಂದೊಂದು ಮೀಟರೂ ಲೆಕ್ಕಕ್ಕೆ ಬರುತ್ತದೆ.

ಬೆಟ್ಟಗುಡ್ಡಗಳ ಸೀಮೆಯಲ್ಲಿ, ಡಾಂಬರು ರಸ್ತೆಯ ಮೇಲೆ, ಊರಿನದೇ ಒಂದು ಓಟದ ಬಳಗ ಕಟ್ಟಿಕೊಂಡು ಓಡುವುದು ಈ ಭಾಷಣದ ವಿಷಯ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಇಂಥ ಓಟಕ್ಕೆ ಹೇಳಿ ಮಾಡಿಸಿದ ನೆಲ. ನೆಲವೇನೋ ಸಿದ್ಧವಾಗಿದೆ, ಓಡುವ ಕಾಲುಗಳೂ ಇಲ್ಲಿವೆ. ಬಳಗಗಳು ಹುಟ್ಟಬೇಕಾಗಿದೆ.

ಮೊದಲು ನೆಲದ ಮಾತು. ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರಿನಿಂದ ರಾಮನಗರವನ್ನು ಹಿಂದೆ ಕ್ಲೋಸ್‌ಪೇಟೆ ಎನ್ನುತ್ತಿದ್ದರು. ಊರಿನ ಹೆಸರು ಬದಲಾಯಿತು, ಆದರೆ ಹಳೆಯದು ಭೂವಿಜ್ಞಾನದ ಪುಸ್ತಕಗಳಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಮಿಯ ಒಡಲಲ್ಲಿ ಹೆಪ್ಪುಗಟ್ಟಿದ, ಉತ್ತರ ದಕ್ಷಿಣವಾಗಿ ನೂರಾರು ಕಿಲೋಮೀಟರ್ ಚಾಚಿಕೊಂಡಿರುವ ಶಿಲಾಪಟ್ಟಿಗೆ ಪ್ರಪಂಚದ ವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಹೇಳುತ್ತಾರೆ. ರಾಮದೇವರಬೆಟ್ಟದ ಬಂಡೆಗಳು, 1,226 ಮೀಟರ್ ಎತ್ತರದ ಸಾವನದುರ್ಗ, ಹಂದಿಗುಂದಿ ಬೆಟ್ಟ ಇವೆಲ್ಲ ಮೇಲಿನ ಮಣ್ಣು ಕೊಚ್ಚಿಹೋದ ಮೇಲೆ ತಲೆ ಎತ್ತಿ ನಿಂತ ಗಟ್ಟಿ ಕಲ್ಲುಗಳು. ಗಟ್ಟಿ ಕಲ್ಲು ಉಳಿದು ಮೆತ್ತನೆಯದು ಸವೆದದ್ದರಿಂದ ಇಲ್ಲಿನ ನೆಲಕ್ಕೆ ಒಂದು ವಿಶಿಷ್ಟ ಅಲೆಯ ಆಕಾರ ಬಂದಿದೆ. ರಸ್ತೆ ಬಂಡೆಯನ್ನು ಬಳಸಿ ಹೋಗಬೇಕು, ಹಳ್ಳಕ್ಕೆ ಇಳಿಯಬೇಕು, ಮತ್ತೆ ದಿಣ್ಣೆ ಏರಬೇಕು, ಕೆರೆ ಏರಿಯ ಮೇಲೆ ಒಂದಿಷ್ಟು ಸಮತಟ್ಟು, ಅದಾದ ಮೇಲೆ ಮತ್ತೆ ಏರು.

ಇದು ಘಾಟಿಯ ಓಟಕ್ಕಿಂತ ಬೇರೆ ಬಗೆಯದು. ಬೆಂಗಳೂರಿನ ಓಟದ ಬಳಗಗಳು ಏರು ಅಭ್ಯಾಸಕ್ಕೆಂದು ನಂದಿಬೆಟ್ಟಕ್ಕೆ ಹೋಗುವುದುಂಟು. ಅಲ್ಲಿ ಬುಡದಿಂದ ನೆತ್ತಿಯವರೆಗೆ ಒಂದೇ ಉದ್ದನೆಯ ಏರು. ಒಮ್ಮೆ ಲಯ ಹಿಡಿದರೆ ಅದೇ ಲಯದಲ್ಲಿ ಮೇಲೇರಬಹುದು, ಆಮೇಲೆ ಇಳಿದು ಬಂದರೆ ಮುಗಿಯಿತು. ಮಾಗಡಿ ಮತ್ತು ರಾಮನಗರದ ನಡುವಿನ ರಸ್ತೆಗಳಲ್ಲಿ ಯಾವ ಲಯವೂ ಬಹಳ ಹೊತ್ತು ನಿಲ್ಲುವುದಿಲ್ಲ. ಉಸಿರು ಒಂದು ಹದಕ್ಕೆ ಬಂತು ಎನ್ನುವಷ್ಟರಲ್ಲಿ ಇಳಿಜಾರು ಬರುತ್ತದೆ. ಕಾಲು ಸಡಿಲಿಸಿಕೊಳ್ಳುವಷ್ಟರಲ್ಲಿ ಮುಂದಿನ ದಿಣ್ಣೆ ಕಾಣಿಸುತ್ತದೆ. ಪ್ರತಿ ಏರನ್ನೂ ಅದರ ಅಳತೆಗೆ ತಕ್ಕಂತೆ ಹೊಸದಾಗಿ ಓಡಬೇಕು. ಹೊಸಬರು ಎಡವುವುದು ಇಲ್ಲೇ. ಮೊದಲ ಮೂರು ದಿಣ್ಣೆಗಳಲ್ಲಿ ಹುರುಪಿನಿಂದ ನುಗ್ಗಿ, ನಾಲ್ಕನೆಯದರಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಾರೆ.

ಏರಿನಲ್ಲಿ ಕಳೆದುಕೊಂಡದ್ದನ್ನು ಇಳಿಜಾರಿನಲ್ಲಿ ವಸೂಲಿ ಮಾಡಿಕೊಳ್ಳಬಹುದಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ದೇಹದ ಲೆಕ್ಕ ಹಾಗಿಲ್ಲ. ಇಟಲಿಯ ಶರೀರ ವಿಜ್ಞಾನಿ ಆಲ್ಬರ್ಟೊ ಮಿನೆಟ್ಟಿ ಮತ್ತು ಅವರ ಸಂಗಡಿಗರು ಬೆಟ್ಟದ ಓಟಗಾರರನ್ನು ಬೇರೆ ಬೇರೆ ಇಳಿಜಾರಿನ ಟ್ರೆಡ್‌ಮಿಲ್ ಮೇಲೆ ಓಡಿಸಿ, ಅವರು ಬಳಸುವ ಆಮ್ಲಜನಕವನ್ನು ಅಳೆದು 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಲೆಕ್ಕದ ಪ್ರಕಾರ ನೂರು ಮೀಟರಿಗೆ ಹತ್ತು ಮೀಟರ್ ಏರುವ ದಾರಿಯಲ್ಲಿ ಓಡಲು ಸಮತಟ್ಟಿಗಿಂತ ಹೆಚ್ಚುಕಡಿಮೆ ಮೂರನೆಯ ಎರಡು ಪಾಲು ಹೆಚ್ಚು ಶಕ್ತಿ ಬೇಕು. ಅದೇ ದಾರಿಯಲ್ಲಿ ಇಳಿಯುವಾಗ ಉಳಿಯುವುದು ಶೇಕಡಾ 40ರಷ್ಟು ಮಾತ್ರ. ನೂರಕ್ಕೆ ಐದು ಮೀಟರ್ ಏರಿದರೆ ಶೇಕಡಾ 30ರಷ್ಟು ಹೆಚ್ಚುವರಿ ಖರ್ಚು, ಇಳಿದರೆ ಸುಮಾರು ಕಾಲು ಭಾಗದ ಉಳಿತಾಯ. ಎಷ್ಟೇ ಜಾಣತನದಿಂದ ಓಡಿದರೂ ಏರಿಳಿತದ ರಸ್ತೆ ಕೊನೆಗೆ ಒಂದಿಷ್ಟು ಸಾಲ ಉಳಿಸಿಯೇ ಹೋಗುತ್ತದೆ.

ಹಾಗಾದರೆ ಏರನ್ನು ಓಡುವುದು ಹೇಗೆ? ತಿಳಿದವರು ಹೇಳುವ ಮಾತುಗಳು ಕೆಲವೇ. ಹೆಜ್ಜೆ ಚಿಕ್ಕದಾಗಲಿ, ಬೇಗ ಬೇಗ ಬೀಳಲಿ. ಮುಂದಕ್ಕೆ ಬಾಗುವುದಾದರೆ ಹಿಮ್ಮಡಿಯ ಕೀಲಿನಿಂದ ಇಡೀ ಮೈ ಒಂದಾಗಿ ಬಾಗಲಿ, ಸೊಂಟ ಮುರಿದು ಬಾಗಿದರೆ ಎದೆಗೂಡು ಕುಗ್ಗಿ ಉಸಿರಿಗೆ ಜಾಗ ಸಾಲದು. ಕೈಗಳನ್ನು ಹಿಂದಕ್ಕೆ ಬೀಸಿದಷ್ಟೂ ಕಾಲು ಮುಂದಕ್ಕೆ ಬರುತ್ತದೆ. ಕಣ್ಣು ದಿಣ್ಣೆಯ ತುದಿಯಲ್ಲಿ ನೆಡುವುದು ಬೇಡ, ಹತ್ತು ಹದಿನೈದು ಮೀಟರ್ ಮುಂದಿನ ರಸ್ತೆಯನ್ನು ನೋಡಿದರೆ ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, ಕೈಗಡಿಯಾರ ತೋರಿಸುವ ವೇಗವನ್ನು ಏರಿನಲ್ಲಿ ಮರೆತುಬಿಡಬೇಕು. ಸಮತಟ್ಟಿನಲ್ಲಿ ಹಾಕುತ್ತಿದ್ದ ಶ್ರಮವನ್ನೇ ಏರಿನಲ್ಲೂ ಹಾಕಬೇಕು, ವೇಗ ತಾನಾಗಿ ತಗ್ಗಲಿ. ದಿಣ್ಣೆಯ ನೆತ್ತಿ ಮುಟ್ಟಿದೊಡನೆ ನಿಂತು ಉಸಿರೆಳೆಯುವ ಚಪಲವನ್ನು ಬಿಟ್ಟು, ಮುಂದಿನ ಐವತ್ತು ಹೆಜ್ಜೆ ಓಟ ಮುಂದುವರಿಸಿದರೆ ಲಯ ಮರಳಿ ಸಿಗುತ್ತದೆ.

ಇಳಿಜಾರಿನ ಕಷ್ಟ ಇನ್ನೂ ಮೋಸದ್ದು, ಏಕೆಂದರೆ ಅದು ಆ ಕ್ಷಣಕ್ಕೆ ಗೊತ್ತಾಗುವುದಿಲ್ಲ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ಬಿಗಿಯಾಗಬೇಕು. ಮೈ ಕೆಳಗೆ ಜಾರದಂತೆ ಪ್ರತಿ ಹೆಜ್ಜೆಗೂ ತಡೆಯುವ ಕೆಲಸ ಅವುಗಳದ್ದು. ಆ ಹೊತ್ತಿನಲ್ಲಿ ನಾರುಗಳಲ್ಲಿ ಸಣ್ಣ ಸಣ್ಣ ಬಿರುಕುಗಳಾಗುತ್ತವೆ, ನೋವು ಕಾಣಿಸಿಕೊಳ್ಳುವುದು ಮಾರನೆಯ ದಿನ ಅಥವಾ ಅದರ ಮಾರನೆಯ ದಿನ. ಭಾನುವಾರ ಓಡಿದವರು ಮಂಗಳವಾರ ಮೆಟ್ಟಿಲು ಇಳಿಯಲು ಕಂಬಿ ಹಿಡಿಯುವುದು ಇದಕ್ಕೇ. ಸಂತೋಷದ ಸಂಗತಿಯೆಂದರೆ, ಒಮ್ಮೆ ಹದವಾಗಿ ಇಳಿಜಾರು ಓಡಿ ಚೇತರಿಸಿಕೊಂಡ ಸ್ನಾಯು ಮುಂದಿನ ಹಲವು ವಾರಗಳವರೆಗೆ ಅಷ್ಟು ಸುಲಭವಾಗಿ ನೋಯುವುದಿಲ್ಲ. ಸ್ಪರ್ಧೆಗೆ ಮುಂಚೆ ಇಳಿಜಾರನ್ನೂ ಅಭ್ಯಾಸ ಮಾಡಿರಬೇಕು ಎಂಬುದಕ್ಕೆ ಇದೇ ಆಧಾರ.

ಅಮೆರಿಕದ ಬೋಸ್ಟನ್ ಮ್ಯಾರಥಾನ್ ಈ ಪಾಠವನ್ನು 1897ರಿಂದ ಹೇಳಿಕೊಡುತ್ತ ಬಂದಿದೆ. ಹಾಪ್ಕಿಂಟನ್ ಎಂಬ ಸಣ್ಣ ಊರಿನಲ್ಲಿ ಹೊರಡುವ ಆ ಓಟ ಬೋಸ್ಟನ್ ನಗರ ತಲುಪುವಷ್ಟರಲ್ಲಿ ಸುಮಾರು 140 ಮೀಟರ್ ಕೆಳಗಿಳಿಯುತ್ತದೆ. ಮೊದಮೊದಲ ಇಳಿಜಾರಿನ ಖುಷಿಯಲ್ಲಿ ತೊಡೆಗಳು ಸೋತಿರುವ ಹೊತ್ತಿಗೆ, ಅರ್ಧ ದಾರಿ ಕಳೆದ ಮೇಲೆ ನ್ಯೂಟನ್ ದಿಣ್ಣೆಗಳು ಬರುತ್ತವೆ. ಕೊನೆಯದಕ್ಕೆ ಹಾರ್ಟ್‌ಬ್ರೇಕ್ ಹಿಲ್ ಎಂಬ ಹೆಸರು. ಅದು ಏರುವುದು ಮೂವತ್ತು ಮೀಟರಿಗಿಂತ ಕಡಿಮೆ. ಮಾಗಡಿ ಕಡೆಯವರು ಅದನ್ನು ದಿಬ್ಬ ಎಂದು ಕೂಡ ಕರೆಯಲಿಕ್ಕಿಲ್ಲ. ಆದರೆ ಅದು ಬರುವುದು 32 ಕಿಲೋಮೀಟರ್ ಓಡಿದ ಮೇಲೆ. 1936ರಲ್ಲಿ ಹಿಂದಿನ ವರ್ಷದ ವಿಜೇತ ಜಾನಿ ಕೆಲ್ಲಿ, ಮುಂದಿದ್ದ ಎಲಿಸನ್ ಬ್ರೌನ್ ಅವರನ್ನು ಅಲ್ಲೇ ಹಿಡಿದು, ಪಕ್ಕದಲ್ಲಿ ಹಾದುಹೋಗುವಾಗ ಬೆನ್ನು ತಟ್ಟಿದರಂತೆ. ಕೆರಳಿದ ಬ್ರೌನ್ ಮತ್ತೆ ನುಗ್ಗಿ ಆ ವರ್ಷದ ಓಟವನ್ನೇ ಗೆದ್ದರು, ಕೆಲ್ಲಿ ಐದನೆಯವರಾದರು. ದಿಣ್ಣೆಗೆ ಆ ಹೆಸರು ಬಂದದ್ದು ಆ ದಿನದ ಕಥೆಯಿಂದ.

ಬೋಸ್ಟನ್ನಿನ ಇಳಿತ 140 ಮೀಟರ್ ಎಂದಾದರೆ ಮಾಗಡಿಯಿಂದ ರಾಮನಗರಕ್ಕೆ ಇಳಿತ ಸುಮಾರು 180 ಮೀಟರ್. ಇಲ್ಲೊಂದು ನಿಯಮವನ್ನು ಹೇಳಬೇಕು. ರಸ್ತೆ ಓಟದ ದಾಖಲೆ ಅಂತರರಾಷ್ಟ್ರೀಯ ಮಟ್ಟದಲ್ಲಿ ಮಾನ್ಯವಾಗಬೇಕಾದರೆ ಹೊರಡುವ ಜಾಗಕ್ಕಿಂತ ಮುಗಿಯುವ ಜಾಗ ಕಿಲೋಮೀಟರಿಗೆ ಒಂದು ಮೀಟರಿಗಿಂತ ಹೆಚ್ಚು ತಗ್ಗಿನಲ್ಲಿರಬಾರದು. ಹೊರಡುವ ಮತ್ತು ಮುಗಿಯುವ ಜಾಗಗಳ ನೇರ ಅಂತರವೂ ಓಟದ ದೂರದ ಅರ್ಧವನ್ನು ಮೀರಬಾರದು. 2011ರಲ್ಲಿ ಕೀನ್ಯಾದ ಜಾಫ್ರಿ ಮುಟಾಯ್ ಬೋಸ್ಟನ್ನಿನಲ್ಲಿ 2 ಗಂಟೆ 3 ನಿಮಿಷ 2 ಸೆಕೆಂಡಿನಲ್ಲಿ ಮ್ಯಾರಥಾನ್ ಮುಗಿಸಿದರು. ಅಲ್ಲಿಯವರೆಗೆ ಅಷ್ಟು ವೇಗವಾಗಿ ಯಾರೂ ಓಡಿರಲಿಲ್ಲ, ಆದರೂ ಅದು ವಿಶ್ವದಾಖಲೆ ಆಗಲಿಲ್ಲ. ಮಾಗಡಿಯಿಂದ ರಾಮನಗರದವರೆಗೆ ಓಟ ಇಟ್ಟರೂ ಅದೇ ಗತಿ. ಆದ್ದರಿಂದ ಈ ಸೀಮೆಯಲ್ಲಿ ಹೊರಟ ಊರಿಗೇ ಮರಳುವ ಓಟ ಲೇಸು. ಮಾಗಡಿ ಪಟ್ಟಣದಿಂದ ಸಾವನದುರ್ಗಕ್ಕೆ ಸುಮಾರು 12 ಕಿಲೋಮೀಟರ್. ಊರಾಚೆಯಿಂದ ಹೊರಟು ಬೆಟ್ಟದ ಬುಡದ ದೇವಸ್ಥಾನಗಳ ದಿಕ್ಕಿಗೆ ಓಡಿ ಹಿಂತಿರುಗಿದರೆ ಅರ್ಧ ಮ್ಯಾರಥಾನಿನ 21 ಕಿಲೋಮೀಟರ್ ಸಲೀಸಾಗಿ ಕೂಡಿಬರುತ್ತದೆ. ಎಲ್ಲ ಏರೂ ಇಳಿಜಾರಾಗಿ, ಎಲ್ಲ ಇಳಿಜಾರೂ ಏರಾಗಿ ಮತ್ತೊಮ್ಮೆ ಸಿಗುತ್ತದೆ. ಕಾಲಿನ ಯೋಗ್ಯತೆ ಅಳೆಯಲು ಇದಕ್ಕಿಂತ ನ್ಯಾಯವಾದ ದಾರಿ ಇಲ್ಲ.

ಇನ್ನು ಬಳಗದ ಮಾತು. ಓಟ ಒಬ್ಬರೇ ಮಾಡುವ ವ್ಯಾಯಾಮ, ಅದಕ್ಕೇಕೆ ಸಂಘ ಎಂದು ಕೇಳುವವರಿದ್ದಾರೆ. ಅವರಿಗೆ ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಕಥೆಯನ್ನು ಹೇಳಬೇಕು.

ಲಿಡಿಯಾರ್ಡ್ ಆಕ್ಲೆಂಡ್ ನಗರದ ಶೂ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದವರು, ಮನೆ ಖರ್ಚಿಗೆ ಸಾಲದೆ ಮನೆಮನೆಗೆ ಹಾಲು ಹಾಕುತ್ತಿದ್ದವರು. ತಮ್ಮ ಮೈಮೇಲೆಯೇ ವರ್ಷಗಟ್ಟಲೆ ಪ್ರಯೋಗ ಮಾಡಿ, ನಿಧಾನವಾಗಿ ಬಹಳ ದೂರ ಓಡಿದರೆ ವೇಗಕ್ಕೂ ಬುನಾದಿ ಬೀಳುತ್ತದೆ ಎಂದು ಕಂಡುಕೊಂಡರು. 1953 ಮತ್ತು 1955ರಲ್ಲಿ ತಮ್ಮ ದೇಶದ ಮ್ಯಾರಥಾನ್ ಚಾಂಪಿಯನ್ ಆದರು. ಅವರ ಸುತ್ತ ಸೇರಿದ ಹುಡುಗರು ಬಹುಪಾಲು ಅದೇ ನಗರದ ನೆರೆಹೊರೆಯವರು. ಅವರನ್ನೆಲ್ಲ ಲಿಡಿಯಾರ್ಡ್ ಊರಾಚೆಯ ವೈಟಾಕೆರೆ ಬೆಟ್ಟಸಾಲಿನ ರಸ್ತೆಯಲ್ಲಿ ವಾರಕ್ಕೊಮ್ಮೆ 35 ಕಿಲೋಮೀಟರ್ ಓಡಿಸುತ್ತಿದ್ದರು. ಬರೀ 800 ಮೀಟರ್ ಓಡುವ ಪೀಟರ್ ಸ್ನೆಲ್ ಕೂಡ ಆ ಗುಂಪಿನಲ್ಲಿ ಅಷ್ಟೂ ದೂರ ಏರಿ ಇಳಿಯಬೇಕಾಗಿತ್ತು. ದೂರದ ಓಟ ಮುಗಿದ ವಾರಗಳ ಮೇಲೆ ದಿಣ್ಣೆಯಲ್ಲಿ ಚಿಮ್ಮಿ ಚಿಮ್ಮಿ ಏರುವ ಅಭ್ಯಾಸ, ಕೊನೆಗೆ ಟ್ರ್ಯಾಕಿನ ವೇಗ. 1960ರ ಸೆಪ್ಟೆಂಬರ್ 2ರಂದು ರೋಮ್ ಒಲಿಂಪಿಕ್ಸ್‌ನಲ್ಲಿ ಸ್ನೆಲ್ 800 ಮೀಟರಿನ ಚಿನ್ನ ಗೆದ್ದರು. ಅದೇ ದಿನ, ಸ್ವಲ್ಪ ಹೊತ್ತಿನಲ್ಲೇ, ರಗ್ಬಿ ಆಟದಲ್ಲಿ ಪೆಟ್ಟಾಗಿ ಎಡಗೈ ಬತ್ತಿಹೋಗಿದ್ದ ಮರ್ರೆ ಹಾಲ್‌ಬರ್ಗ್ 5,000 ಮೀಟರಿನ ಚಿನ್ನ ಗೆದ್ದರು. ಕೆಲವು ದಿನಗಳ ಮೇಲೆ ಇಥಿಯೋಪಿಯಾದ ಅಬೆಬೆ ಬಿಕಿಲಾ ಬರಿಗಾಲಲ್ಲಿ ಗೆದ್ದ ಮ್ಯಾರಥಾನಿನಲ್ಲಿ ಲಿಡಿಯಾರ್ಡರ ಇನ್ನೊಬ್ಬ ಶಿಷ್ಯ ಬ್ಯಾರಿ ಮಗೀ ಕಂಚು ಪಡೆದರು. ಒಂದು ನಗರದ, ಒಂದೇ ಗುಂಪಿನಲ್ಲಿ ಓಡುತ್ತಿದ್ದ ಮೂವರು.

ಪದಕಗಳಿಗಿಂತ ದೊಡ್ಡ ಕೆಲಸ ಆಮೇಲೆ ನಡೆಯಿತು. 1960ರ ದಶಕದ ಆರಂಭದಲ್ಲಿ, ಎಂದೂ ಓಡದ ಮಧ್ಯವಯಸ್ಸಿನ ಜನರನ್ನು ಕೂಡಿಸಿ ಆಕ್ಲೆಂಡಿನಲ್ಲಿ ನಿಧಾನ ಓಟದ ಸಂಘವೊಂದನ್ನು ಕಟ್ಟಲಾಯಿತು. ಅಲ್ಲಿಗೆ ಬಂದಿದ್ದ ಅಮೆರಿಕದ ಕೋಚ್ ಬಿಲ್ ಬಾವರ್‌ಮನ್ ಅದನ್ನು ಕಂಡು ಬೆರಗಾಗಿ ತಮ್ಮ ದೇಶಕ್ಕೆ ಒಯ್ದರು. ಇಂದು ಕಬ್ಬನ್ ಉದ್ಯಾನದಲ್ಲೋ ಲಾಲ್‌ಬಾಗಿನಲ್ಲೋ ಕಾಣುವ ಜಾಗಿಂಗ್ ಎಂಬ ರೂಢಿಯ ಬೇರು ಆ ಸಂಘದಲ್ಲಿದೆ. ಲಿಡಿಯಾರ್ಡ್ ಪಂಥದ ಒಂದು ಅಳತೆಗೋಲು ಎಲ್ಲರಿಗೂ ಒದಗುತ್ತದೆ. ಪಕ್ಕದವರ ಜೊತೆ ಮಾತಾಡುತ್ತಾ ಓಡಲು ಆಗುತ್ತಿದ್ದರೆ ವೇಗ ಸರಿಯಾಗಿದೆ, ಮಾತು ತುಂಡಾದರೆ ವೇಗ ಹೆಚ್ಚಾಯಿತು. ಒಂಟಿಯಾಗಿ ಓಡುವವರಿಗೆ ಈ ಅಳತೆಗೋಲೇ ಸಿಗುವುದಿಲ್ಲ. ಏರಿನಲ್ಲಂತೂ ಒಬ್ಬರೇ ಓಡುವವರು ಒಂದೋ ಬೇಗ ಸುಸ್ತಾಗಿ ನಿಲ್ಲುತ್ತಾರೆ, ಇಲ್ಲವೇ ಪ್ರತಿ ಏರಿಗೂ ನಡೆಯತೊಡಗುತ್ತಾರೆ. ಪಕ್ಕದಲ್ಲಿ ಒಬ್ಬ ಅನುಭವಿ ಇದ್ದರೆ ನಿಧಾನಿಸಬೇಕಾದ ಕಡೆ ನಿಧಾನಿಸುತ್ತಾರೆ, ನಿಲ್ಲಬಾರದ ಕಡೆ ನಿಲ್ಲುವುದಿಲ್ಲ.

ದಕ್ಷಿಣ ಆಫ್ರಿಕದ ಕಾಮ್ರೇಡ್ಸ್ ಮ್ಯಾರಥಾನಿನಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಮೊದಲ ಮಹಾಯುದ್ಧದಿಂದ ಮರಳಿದ ವಿಕ್ ಕ್ಲಾಫಮ್ ಎಂಬವರು ಮಡಿದ ಸಂಗಾತಿಗಳ ನೆನಪಿಗೆ 1921ರಲ್ಲಿ ಶುರುಮಾಡಿದ ಓಟ ಅದು. ಪೀಟರ್‌ಮಾರಿಟ್ಸ್‌ಬರ್ಗ್ ಮತ್ತು ಕಡಲತಡಿಯ ಡರ್ಬನ್ ನಡುವೆ ಸುಮಾರು 90 ಕಿಲೋಮೀಟರ್ ಗುಡ್ಡದ ರಸ್ತೆ, ಸಾಮಾನ್ಯವಾಗಿ ಒಂದು ವರ್ಷ ಏರುಮುಖ, ಮರುವರ್ಷ ಇಳಿಮುಖ. ಮೊದಲ ವರ್ಷ ಹೊರಟವರು 34 ಮಂದಿ, ಮುಟ್ಟಿದವರು 16. ಈಗ ಸಾವಿರಾರು ಜನ ಓಡುತ್ತಾರೆ, ಭಾರತದಿಂದಲೂ ಪ್ರತಿವರ್ಷ ದೊಡ್ಡ ತಂಡ ಹೋಗುತ್ತದೆ. ಹನ್ನೆರಡು ಗಂಟೆಯೊಳಗೆ ಮುಟ್ಟದವರಿಗೆ ಪದಕವಿಲ್ಲ. ಅಷ್ಟರೊಳಗೆ ಮುಟ್ಟಲು ಸಾಮಾನ್ಯ ಓಟಗಾರರು ಹಿಡಿಯುವ ಉಪಾಯವನ್ನು ಅಲ್ಲಿ ಬಸ್ ಎನ್ನುತ್ತಾರೆ. ದಾರಿ ಬಲ್ಲ ಹಿರಿಯ ಓಟಗಾರನೊಬ್ಬ ಚಾಲಕನಾಗಿ ಮುಂದೆ ನಿಲ್ಲುತ್ತಾನೆ, ಅವನ ಹಿಂದೆ ಹತ್ತಾರು, ಕೆಲವೊಮ್ಮೆ ನೂರಾರು ಜನ ಒಂದೇ ಗುಂಪಾಗಿ ಓಡುತ್ತಾರೆ. ಎಲ್ಲಿ ನಡೆಯಬೇಕು, ಎಲ್ಲಿ ಓಡಬೇಕು, ಯಾವ ದಿಣ್ಣೆಗೆ ಎಷ್ಟು ಹೊತ್ತು ಎಂಬುದೆಲ್ಲ ಚಾಲಕನ ಲೆಕ್ಕ. ಹಿಂದಿನವರು ಹಾಡುತ್ತಾ ಏರುತ್ತಾರೆ.

ಅಷ್ಟು ದೂರ ಹೋಗುವುದೂ ಬೇಡ. ಮಹಾರಾಷ್ಟ್ರದ ಸತಾರ ಪಟ್ಟಣ ಸುಮಾರು 740 ಮೀಟರ್ ಎತ್ತರದಲ್ಲಿದೆ, ಹೆಚ್ಚುಕಡಿಮೆ ರಾಮನಗರದಷ್ಟೇ. 2011ರ ಜನಗಣತಿಯಲ್ಲಿ ಅದರ ಜನಸಂಖ್ಯೆ ಸುಮಾರು 1.2 ಲಕ್ಷ, ರಾಮನಗರದ್ದು 95 ಸಾವಿರದಷ್ಟು. ಅಲ್ಲಿನ ಓಟದ ಬಳಗದವರು 2012ರಲ್ಲಿ ಬೆಟ್ಟದ ಅರ್ಧ ಮ್ಯಾರಥಾನ್ ಆರಂಭಿಸಿದರು. ಊರಿನಿಂದ ಹೊರಟು ಯವತೇಶ್ವರ ಘಾಟಿ ಏರಿ, ಕಾಸ್ ಪ್ರಸ್ಥಭೂಮಿಯ ಕಡೆ ಸಾಗಿ, ಅದೇ ದಾರಿಯಲ್ಲಿ ಊರಿಗೆ ಮರಳುವ ಓಟ. ಮೂರೇ ವರ್ಷದಲ್ಲಿ, 2015ರಲ್ಲಿ, ಒಂದೇ ಬೆಟ್ಟದ ಓಟದಲ್ಲಿ ಅತಿ ಹೆಚ್ಚು ಜನ ಪಾಲ್ಗೊಂಡ ಗಿನ್ನೆಸ್ ದಾಖಲೆ ಸತಾರಕ್ಕೆ ಬಂತು. ಅಂದು ಅಲ್ಲಿ ಓಡಿದವರು ಎರಡೂವರೆ ಸಾವಿರಕ್ಕೂ ಹೆಚ್ಚು ಜನ. ಮಹಾನಗರದ ಕಂಪನಿಗಾಗಿ ಕಾಯದೆ ಊರಿನ ಬಳಗವೇ ಮುಂದೆ ನಿಂತದ್ದು ಗಮನಿಸಬೇಕಾದ ವಿಚಾರ. ಸತಾರದಲ್ಲಿ ಆದದ್ದು ರಾಮನಗರದಲ್ಲಿ ಆಗಲಾರದು ಎನ್ನಲು ಕಾರಣವೇ ಇಲ್ಲ.

ಇಲ್ಲಿ ಓಡುವವರೇ ಇಲ್ಲ ಎಂಬ ಮಾತನ್ನು ಒಪ್ಪಲಾಗದು. ನಸುಕಿನಲ್ಲಿ ತಾಲ್ಲೂಕು ಕ್ರೀಡಾಂಗಣಗಳಿಗೆ ಹೋದರೆ ಸುತ್ತು ಹಾಕುವ ಯುವಕ ಯುವತಿಯರು ಸಿಗುತ್ತಾರೆ. ಅವರಲ್ಲಿ ಬಹಳಷ್ಟು ಜನ ಪೊಲೀಸ್ ಅಥವಾ ಸೇನೆಯ ನೇಮಕಾತಿಗೆ ತಯಾರಾಗುತ್ತಿರುವವರು. ಕರ್ನಾಟಕದ ನಾಗರಿಕ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ಪುರುಷರು 1,600 ಮೀಟರ್ ದೂರವನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಆ ಆರೂವರೆ ನಿಮಿಷಕ್ಕಾಗಿ ತಿಂಗಳುಗಟ್ಟಲೆ ಬೆವರು ಸುರಿಸಿದವರು ನೇಮಕವಾದರೆ ಊರು ಬಿಡುತ್ತಾರೆ, ಆಗದಿದ್ದರೆ ಓಟವನ್ನು ಬಿಡುತ್ತಾರೆ. ಈ ಎರಡನೆಯದು ನಿಜವಾದ ನಷ್ಟ. ಅಷ್ಟು ಹದವಾದ ಕಾಲುಗಳಿಗೆ ಮುಂದಿನ ಗುರಿ ತೋರಿಸುವವರಿಲ್ಲ. ಊರಲ್ಲೊಂದು ಬಳಗವಿದ್ದರೆ ಪರೀಕ್ಷೆ ಮುಗಿದ ಮರುದಿನವೂ ಓಡಲು ಒಂದು ಕಾರಣ ಇರುತ್ತದೆ.

ಏರಿಳಿತದ ದೂರದ ದಾರಿಯನ್ನು ಗುಂಪಾಗಿ ಸವೆಸುವುದು ಈ ಸೀಮೆಗೆ ಹೊಸದೂ ಅಲ್ಲ. ಶಿವರಾತ್ರಿ ಹತ್ತಿರ ಬಂದಂತೆ ಕನಕಪುರದ ರಸ್ತೆಯಲ್ಲಿ ಮಾದಪ್ಪನ ಒಕ್ಕಲು ಸಾಲುಗಟ್ಟುತ್ತದೆ. ಬೆಂಗಳೂರು, ರಾಮನಗರ, ಚನ್ನಪಟ್ಟಣದ ಕಡೆಯಿಂದ ಬಂದ ಸಾವಿರಾರು ಭಕ್ತರು ಸಂಗಮಕ್ಕೆ ನಡೆದು, ಕಾವೇರಿ ದಾಟಿ, ಕಾಡುದಾರಿ ಹಿಡಿದು ಮಲೆ ಮಹದೇಶ್ವರ ಬೆಟ್ಟ ಸೇರುತ್ತಾರೆ. ಅಜ್ಜಿಯರು, ಹುಡುಗರು, ಹೊಸದಾಗಿ ಹೊರಟವರು, ಹಲವು ವರ್ಷ ನಡೆದವರು ಎಲ್ಲ ಒಂದೇ ತಂಡ. ಬೊಬ್ಬೆ ಬಂದ ಪಾದಕ್ಕೆ ಏನು ಹಚ್ಚಬೇಕು, ಏರಿನಲ್ಲಿ ಎಷ್ಟು ಹೆಜ್ಜೆಗೆ ನಿಲ್ಲಬೇಕು ಎಂದು ಹಳಬರು ಹೊಸಬರಿಗೆ ಹೇಳುತ್ತಾರೆ. ದಾರಿಯುದ್ದಕ್ಕೂ ಊರವರು ಅರವಟ್ಟಿಗೆ ಇಟ್ಟು ನೀರು, ಮಜ್ಜಿಗೆ, ಪಾನಕ ಕೊಡುತ್ತಾರೆ, ಊಟ ಬಡಿಸುತ್ತಾರೆ. ಮ್ಯಾರಥಾನ್ ನಡೆಸುವವರು ಹಣ ತೆತ್ತು ಕಲಿಯುವ ವ್ಯವಸ್ಥೆಯೆಲ್ಲ ಇಲ್ಲಿನ ಹಳ್ಳಿಗಳಿಗೆ ಕರಗತವಾಗಿದೆ. ರಸ್ತೆ ಓಟಕ್ಕೆ ನೀರಿನ ಮೇಜುಗಳನ್ನು ಯಾರು ನೋಡಿಕೊಳ್ಳಬೇಕು ಎಂದು ಚಿಂತಿಸುವವರು ಈ ಊರುಗಳ ಯುವಕ ಸಂಘಗಳನ್ನು, ಸ್ತ್ರೀಶಕ್ತಿ ಗುಂಪುಗಳನ್ನು ಕೇಳಿದರೆ ಸಾಕು.

ಆದರೆ ಓಟಕ್ಕೆ ತಾರೀಕು ಗೊತ್ತುಮಾಡುವವರು ಈ ನೆಲದ ಬದುಕನ್ನು ಅರಿತಿರಬೇಕು. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಓಡಲು ಹವೆ ಹಿತವಾಗಿರುತ್ತದೆ, ಆದರೆ ಅದೇ ಹೊತ್ತಿಗೆ ರಾಗಿ, ಹುರುಳಿ ಕೊಯ್ಲು ನಡೆಯುತ್ತದೆ. ಕಣ ಮಾಡುವುದು ಕಡಿಮೆಯಾದ ಮೇಲೆ ಎಷ್ಟೋ ಹಳ್ಳಿಗಳಲ್ಲಿ ರಸ್ತೆಯ ಮೇಲೆಯೇ ತೆನೆ ಹರಡುತ್ತಾರೆ, ವಾಹನ ಹಾದು ಒಕ್ಕಣೆಯಾಗುತ್ತದೆ. ಹುರುಳಿ ಹರಡಿದ ಇಳಿಜಾರಿನಲ್ಲಿ ಓಡುವವರ ಕಾಲು ಜಾರುವುದು ಖಂಡಿತ. ರೈತರಿಗೆ ಮುಂಚಿತವಾಗಿ ತಿಳಿಸದೆ, ಅವರ ಒಪ್ಪಿಗೆ ಪಡೆಯದೆ ಓಟ ಇಡುವುದು ಸಲ್ಲದು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಬೆಳಗ್ಗೆಯೇ ಗೂಡಿನ ವಾಹನಗಳು ಬರುತ್ತವೆ, ಆ ರಸ್ತೆಗಳನ್ನು ಮುಚ್ಚಿದರೆ ಬೆಳೆಗಾರನಿಗೆ ಆ ದಿನದ ಬೆಲೆ ತಪ್ಪುತ್ತದೆ. ಕಲ್ಲುಗಣಿಗಳ ಟಿಪ್ಪರ್ ಲಾರಿಗಳು ಓಡಾಡುವ ದಾರಿಗಳಂತೂ ಓಟಕ್ಕೆ ಬೇಡವೇ ಬೇಡ.

ಕಾಡಿನ ಮಾತೂ ಇದೆ. ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಅಭಯಾರಣ್ಯವೆಂದು ಘೋಷಿಸಲಾಯಿತು, ದೇಶದಲ್ಲಿ ಅದು ಮೊದಲನೆಯದು. 1975ರಲ್ಲಿ ತೆರೆಕಂಡ ಶೋಲೆ ಚಿತ್ರದಿಂದಾಗಿ ಆ ಬೆಟ್ಟ ದೇಶಕ್ಕೆಲ್ಲ ಪರಿಚಿತ, ಅಲ್ಲೇ ಓಟ ಇಟ್ಟರೆ ಜನ ಮುಗಿಬೀಳುತ್ತಾರೆ ಎಂಬ ಆಸೆ ಯಾರಿಗೂ ಹುಟ್ಟಬಹುದು. ಆ ಆಸೆಯನ್ನು ಬಿಡಬೇಕು. ಬಂಡೆಯ ಸಂದಿನಲ್ಲಿ ಗೂಡು ಕಟ್ಟುವ ಹಕ್ಕಿಗೆ ಧ್ವನಿವರ್ಧಕವೂ ಬೇಡ, ಜನಜಂಗುಳಿಯೂ ಬೇಡ. ಕನಕಪುರ, ಚನ್ನಪಟ್ಟಣದ ಕಾಡಂಚಿನ ಹಳ್ಳಿಗಳಲ್ಲಿ ಆನೆಗಳ ಸಂಚಾರವಿದೆ. ಬೆಟ್ಟಸಾಲಿನ ಸುತ್ತ ಕರಡಿ, ಚಿರತೆಗಳಿವೆ. ಕತ್ತಲಲ್ಲಿ ಅಂಥ ರಸ್ತೆಗೆ ಇಳಿಯುವುದು ಸಾಹಸ ಎನ್ನಿಸಿಕೊಳ್ಳುವುದಿಲ್ಲ. ಬೆಳಕು ಹರಿದ ಮೇಲೆ, ಅರಣ್ಯ ಇಲಾಖೆಯ ಮಾತು ಕೇಳಿ, ಊರುಗಳ ನಡುವಿನ ತೆರೆದ ರಸ್ತೆಯಲ್ಲಿ ಓಡುವುದೇ ಸರಿ. 2023ರ ಮಾರ್ಚಿನಲ್ಲಿ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ದೂರದ ವಾಹನಗಳು ಬೈಪಾಸ್ ಹಿಡಿದಿವೆ. ರಾಮನಗರದಿಂದ ಕೆಂಗಲ್ ಆಂಜನೇಯನ ಮುಂದೆ ಹಾದು ಚನ್ನಪಟ್ಟಣಕ್ಕೆ ಹೋಗುವ ಸುಮಾರು 12 ಕಿಲೋಮೀಟರಿನ ಹಳೆಯ ಹೆದ್ದಾರಿ, ಭಾನುವಾರದ ಬೆಳಗಿನಲ್ಲಿ ಮೊದಲ ಪಾಠಕ್ಕೆ ಒಳ್ಳೆಯ ಜಾಗ. ದೊಡ್ಡ ಏರುಗಳಿಲ್ಲದ ಅಲ್ಲಿ ಕಾಲು ಹದವಾದ ಮೇಲೆ ಮಾಗಡಿಯ ದಿಣ್ಣೆಗಳಿಗೆ ಹೋಗಬಹುದು.

ಹೆಣ್ಣುಮಕ್ಕಳ ವಿಚಾರದಲ್ಲಿ ಬಳಗದ ಅಗತ್ಯ ಇನ್ನೂ ಹೆಚ್ಚು. ಬೋಸ್ಟನ್ ಮಹಿಳೆಯರಿಗೆ ಅಧಿಕೃತವಾಗಿ ಬಾಗಿಲು ತೆರೆದದ್ದು 1972ರಲ್ಲಿ, ಕಾಮ್ರೇಡ್ಸ್ 1975ರಲ್ಲಿ. ಆ ಎರಡೂ ಓಟಗಳಲ್ಲಿ ಅದಕ್ಕೂ ಮೊದಲೇ ಹೆಂಗಸರು ಓಡಿ ತೋರಿಸಿದ್ದರು, ಕಾಮ್ರೇಡ್ಸ್‌ನಲ್ಲಿ 1923ರಷ್ಟು ಹಿಂದೆಯೇ. ನಮ್ಮ ಸಣ್ಣ ಪಟ್ಟಣಗಳಲ್ಲಿ ಯಾವ ನಿಯಮವೂ ಹೆಣ್ಣುಮಕ್ಕಳನ್ನು ತಡೆಯುವುದಿಲ್ಲ, ತಡೆಯುವುದು ಖಾಲಿ ರಸ್ತೆ, ಹಿಂಬಾಲಿಸುವ ಬೈಕು, ಯಾರೇನೆನ್ನುತ್ತಾರೋ ಎಂಬ ಅಳುಕು. ಒಬ್ಬಳೇ ಓಡಿದರೆ ಊರು ನೋಡುತ್ತದೆ. ಹತ್ತು ಜನ ಓಡಿದರೆ ಊರು ದಾರಿ ಬಿಡುತ್ತದೆ. ಬಳಗ ಕಟ್ಟುವವರು ಮೊದಲ ದಿನದಿಂದಲೇ ಹೆಣ್ಣುಮಕ್ಕಳನ್ನು ಕರೆಯಬೇಕು, ಓಟದ ಹೊತ್ತನ್ನೂ ದಾರಿಯನ್ನೂ ಅವರನ್ನು ಕೇಳಿ ಗೊತ್ತುಮಾಡಬೇಕು.

ಖರ್ಚು ದೊಡ್ಡದೇನಲ್ಲ. ಒಂದು ಜೊತೆ ಒಳ್ಳೆಯ ಬೂಟು ಬೇಕು, ಹೃದಯದ ತೊಂದರೆ, ಸಕ್ಕರೆ ಕಾಯಿಲೆ ಇರುವವರಿಗೆ ವೈದ್ಯರ ಒಪ್ಪಿಗೆ ಬೇಕು. ಓಟಕ್ಕೆ ಮುಂಚೆ ಒಂದು ಏಲಕ್ಕಿ ಬಾಳೆಹಣ್ಣು, ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಎಳನೀರು ಸಾಕು. ಬಾಯಾರಿದಷ್ಟೇ ನೀರು ಕುಡಿಯಬೇಕು. ಅತಿಯಾಗಿ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ತಗ್ಗಿ ಪ್ರಾಣಕ್ಕೇ ಅಪಾಯವಾದ ಉದಾಹರಣೆಗಳು ದೊಡ್ಡ ಮ್ಯಾರಥಾನ್‌ಗಳಲ್ಲಿ ಇವೆ. ಓಟದ ನಂತರ ಎಲ್ಲರೂ ಒಟ್ಟಿಗೆ ಕೂತು ತಿಂಡಿ ತಿನ್ನುವುದನ್ನು ಮಾತ್ರ ತಪ್ಪಿಸಬಾರದು. ಬಿಡದಿಯ ತಟ್ಟೆ ಇಡ್ಲಿ ಹತ್ತಿರದಲ್ಲೇ ಇರುವಾಗ ಅದೇನೂ ಕಷ್ಟವಲ್ಲ. ಮುಂದಿನ ಭಾನುವಾರ ಯಾರು ಬರುತ್ತಾರೆ, ಯಾರ ಮಂಡಿ ನೋಯುತ್ತಿದೆ, ಯಾವ ದಾರಿ ಹಿಡಿಯಬೇಕು ಎಂಬ ಮಾತುಗಳು ಆ ತಿಂಡಿಯ ಮುಂದೆಯೇ ನಡೆಯುತ್ತವೆ.

ಕೇಳುಗರೇ, ನಿಮ್ಮ ಊರಿನಲ್ಲಿ ಓಡುವವರು ಐದಾರು ಜನ ಇದ್ದೇ ಇರುತ್ತಾರೆ. ಒಬ್ಬ ದೈಹಿಕ ಶಿಕ್ಷಣ ಶಿಕ್ಷಕರು, ನಾಲ್ಕು ಕಾಲೇಜು ಹುಡುಗ ಹುಡುಗಿಯರು, ಬೆಳಗಿನ ನಡಿಗೆಯ ಇಬ್ಬರು ಹಿರಿಯರು ಸೇರಿದರೆ ಬಳಗ ಶುರುವಾಗುತ್ತದೆ. ಬರುವ ಭಾನುವಾರ ಬೆಳಗ್ಗೆ ಆರಕ್ಕೆ ಊರಿನ ಕ್ರೀಡಾಂಗಣದ ಬಾಗಿಲಲ್ಲಿ ಸೇರಿ. ಮೊದಲ ದಿನ ಮೂರು ಕಿಲೋಮೀಟರ್ ಸಾಕು, ದಾರಿಯಲ್ಲಿ ಒಂದೇ ಒಂದು ಏರಿರಲಿ. ಎಲ್ಲರಿಗಿಂತ ಹಿಂದೆ ಬರುವವರು ಆ ಏರಿನ ನೆತ್ತಿ ಮುಟ್ಟುವ ತನಕ ಉಳಿದವರು ಮೇಲೆ ಕಾಯಿರಿ. ಆರು ತಿಂಗಳು ಹೀಗೆ ಓಡಿದ ಮೇಲೆ ನಾಲ್ಕೂ ಊರುಗಳ ಬಳಗಗಳು ಕೂಡಿ, ರೈತರನ್ನೂ ಪೊಲೀಸರನ್ನೂ ಅರಣ್ಯ ಇಲಾಖೆಯನ್ನೂ ಕೇಳಿಕೊಂಡು, ಮಾಗಡಿಯ ರಸ್ತೆಯಲ್ಲಿ ಒಂದು ಓಟ ಇಡಿ.